ಪೋಷಕರ ಮನೆ ಸೇರುವ ಮಗುವಿನ ಆರೋಗ್ಯ ಪರೀಕ್ಷೆ

ಮುಳಬಾಗಿಲು ತಾಲ್ಲೂಕಿನ ಹಳ್ಳಿಯ ಶಾಲೆಯೊಂದಕ್ಕೆ ಪರಸ್ಥಳದವರು ಯಾರಾದರೂ ಹೋಗಿ, ಅಲ್ಲಿಯ ಮಕ್ಕಳು ಬಾಯಿ ತುಂಬ ನಗುವುದನ್ನು ನೋಡಿದರೆ, ಮೊದಲು ಅವರ ಕಣ್ಣಿಗೆ ಬೀಳುವುದು ಹಲ್ಲು. ಕೆಲವರ ಹಲ್ಲಿನ ಮೇಲೆ ಸುಣ್ಣ ತಾಗಿದಂತಹ ಬಿಳಿಯ ಮಚ್ಚೆಗಳು. ಕೆಲವರಿಗೆ ಅಡ್ಡಡ್ಡಲಾಗಿ ಕಂದು ಬಣ್ಣದ ಗೆರೆಗಳು. "ಈ ಮಕ್ಕಳಿಗೆ ಹಲ್ಲುಜ್ಜುವ ಅಭ್ಯಾಸವೇ ಇಲ್ಲವೇನೋ" ಎಂದು ಬಂದವರು ಅಂದುಕೊಳ್ಳುವುದುಂಟು. ಅದು ತಪ್ಪು ತಿಳಿವಳಿಕೆ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ಏಕೆಂದರೆ ಅದು ಹಲ್ಲಿನ ಮೇಲೆ ಕುಳಿತ ಕೊಳೆಯಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗಲೇ ಅದರ ಹೊರಕವಚದಲ್ಲಿ ಉಂಟಾದ ದೋಷ ಅದು. ಅದಕ್ಕೆ ಕಾರಣ, ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಒಣಗಿದಂತೆಲ್ಲ ಜನರು ಕೊಳವೆ ಬಾವಿಗಳನ್ನು ಆಳ ಆಳಕ್ಕೆ ಕೊರೆಯುತ್ತ ಹೋದರು. ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಿಂದ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಮಿನಷ್ಟು ಫ್ಲೋರೈಡ್ ಇದ್ದರೆ ಚಿಂತೆಯಿಲ್ಲ. ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಮಿನವರೆಗೆ ಇರಬಹುದೆಂದು ಭಾರತೀಯ ಮಾನಕವು ಹೇಳುತ್ತದೆ. ಮುಳಬಾಗಿಲು ತಾಲ್ಲೂಕಿನ ಅನೇಕ ಕೊಳವೆ ಬಾವಿಗಳ ನೀರು ಈ ಮಿತಿಯನ್ನೂ ಮೀರಿದೆ. ಈ ರೋಗವು ನಮ್ಮ ದೇಶದಲ್ಲಿ ಹೊಸದಲ್ಲ. 1937ರಲ್ಲಿಯೇ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಇದರ ವರದಿ ಬಂದಿತ್ತು.

ಆರೋಗ್ಯ ಪರೀಕ್ಷೆಯ ಪಾಠವನ್ನು ನಾವು ಹಲ್ಲಿನಿಂದ ಆರಂಭಿಸಿದುದಕ್ಕೆ ಕಾರಣವಿದೆ. ಒಬ್ಬ ಬಾಲಕಿಯನ್ನು ಊಹಿಸಿಕೊಳ್ಳೋಣ. ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಕುಳಿತಿದ್ದ ಆಕೆಯನ್ನು ಯಾರೋ ಕಂಡು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುತ್ತಾರೆ. ನೋಡಿದರೆ ಐದು ವರ್ಷದವಳಂತೆ ತೋರುತ್ತಾಳೆ. ಕೇಳಿದುದಕ್ಕೆ ಉತ್ತರವಿಲ್ಲ. ಕೃಶವಾದ ಮೈ, ಕಲೆಬಿದ್ದ ಹಲ್ಲು. ಅವಸರದ ಪರೀಕ್ಷಕನೊಬ್ಬನು ಕಾಗದದ ಮೇಲೆ "ವಯಸ್ಸು 5, ಹಲ್ಲಿನ ಶುಚಿತ್ವವಿಲ್ಲ, ಮಾತು ಬಾರದು, ಬುದ್ಧಿ ಮಂದ" ಎಂದು ನಾಲ್ಕು ಮಾತು ಬರೆದನೆನ್ನಿ. ಆ ನಾಲ್ಕೂ ತಪ್ಪಾಗಿರಲು ಸಾಧ್ಯ. ಆದರೆ ಆ ಕಾಗದವು ಆಕೆಯ ಕಡತದಲ್ಲಿ ಉಳಿಯುತ್ತದೆ. ಆಕೆ ಯಾವ ಶಾಲೆಗೆ, ಯಾವ ತರಗತಿಗೆ, ಯಾವ ಮನೆಗೆ ಹೋಗಬೇಕೆಂಬುದನ್ನು ಅದೇ ನಿಶ್ಚಯಿಸುತ್ತದೆ. ಇಂತಹ ಮಗುವನ್ನು ಸರಿಯಾಗಿ ಪರೀಕ್ಷಿಸುವ ಬಗೆ ಯಾವುದು ಎಂಬುದೇ ಈ ಲೇಖನದ ವಿಷಯ.

ಕಥೆಯಿಲ್ಲದೆ ಬರುವ ಮಗು

ತಂದೆತಾಯಿಯರಿಲ್ಲದ ಮಕ್ಕಳನ್ನು ಚಿಕ್ಕಮ್ಮನೋ ಸೋದರಮಾವನೋ ಸಾಕಿ ಬೆಳೆಸುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಅಂತಹ ನೆಂಟರೂ ಇಲ್ಲದ, ಅಥವಾ ಇದ್ದರೂ ನೋಡಿಕೊಳ್ಳಲಾರದ ಮಕ್ಕಳಿಗಾಗಿ ಕಾನೂನು ಒಂದು ದಾರಿಯನ್ನು ಮಾಡಿದೆ. 2015ರ ಬಾಲನ್ಯಾಯ ಕಾಯಿದೆಯಲ್ಲಿ ಅದರ ವಿವರಣೆಯಿದೆ. ನಮ್ಮ ಸರ್ಕಾರದ ಕಾಗದಪತ್ರಗಳಲ್ಲಿ ಅದನ್ನು ತಾತ್ಕಾಲಿಕ ಪೋಷಕತ್ವವೆಂದು ಕರೆಯುತ್ತಾರೆ. ಹೆತ್ತವರಲ್ಲದ, ಆದರೆ ಯೋಗ್ಯರೆಂದು ವಿಚಾರಿಸಿ ಆರಿಸಲ್ಪಟ್ಟ ಒಂದು ಕುಟುಂಬದಲ್ಲಿ ಮಗುವು ಬೆಳೆಯುವ ವ್ಯವಸ್ಥೆ ಇದು. ದತ್ತಕಕ್ಕೂ ಇದಕ್ಕೂ ಅಂತರವಿದೆ. ದತ್ತು ಹೋದ ಮಗುವು ಆ ಮನೆಯ ಮಗುವೇ ಆಗುತ್ತದೆ. ಇಲ್ಲಿ ಹಾಗಿಲ್ಲ, ಹೆತ್ತವರು ಚೇತರಿಸಿಕೊಂಡರೆ ಮಗುವು ಹಿಂದಿರುಗಬಹುದು. 2024ರ ಮಾರ್ಗಸೂಚಿಯಂತೆ ಸಾಮಾನ್ಯವಾಗಿ ಆರು ವರ್ಷ ದಾಟಿದ ಮಕ್ಕಳನ್ನು ಈ ಬಗೆಯ ಮನೆಗಳಿಗೆ ಕಳುಹಿಸುತ್ತಾರೆ.

ಮಗುವು ನೇರವಾಗಿ ಬಸ್ ನಿಲ್ದಾಣದಿಂದ ಪೋಷಕರ ಮನೆಗೆ ಹೋಗುವುದಿಲ್ಲ. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಆಕೆಯನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮುಳಬಾಗಿಲಿನವರಿಗೆ ಅದು ಸುಮಾರು 30 ಕಿಲೋಮೀಟರ್ ದೂರದ ಕೋಲಾರ. ಸಮಿತಿಯ ಆದೇಶದಂತೆ ಬಾಲಮಂದಿರ ಸೇರಿದ ಮೇಲೆ, ಮತ್ತೆ 24 ಗಂಟೆಗಳೊಳಗೆ ವೈದ್ಯರು ಆಕೆಯನ್ನು ಪರೀಕ್ಷಿಸತಕ್ಕದ್ದೆಂದು ನಿಯಮವಿದೆ. ಪೋಷಕ ಕುಟುಂಬವು ದೊರೆಯುವುದು ಆಮೇಲಿನ ಮಾತು.

ಸಾಮಾನ್ಯವಾಗಿ ಮಗುವನ್ನು ವೈದ್ಯರ ಬಳಿಗೆ ಕರೆತಂದಾಗ ಅದರೊಡನೆ ಒಂದು ಕಥೆಯೂ ಬರುತ್ತದೆ. ಹುಟ್ಟಿದಾಗ ಎಷ್ಟು ತೂಕ, ಯಾವಾಗ ನಡೆಯಿತು, ಜ್ವರದಲ್ಲಿ ಎಂದಾದರೂ ಸೆಳವು ಬಂದಿತ್ತೇ, ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ, ಯಾವ ಔಷಧ ಒಗ್ಗದು ಎಂಬುದನ್ನೆಲ್ಲ ತಾಯಿ ಹೇಳುತ್ತಾಳೆ. ವೈದ್ಯರ ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ನಮ್ಮ ಬಾಲಕಿಯ ವಿಷಯದಲ್ಲಿ ಆ ಅರ್ಧ ಇಲ್ಲ. ಇರುವುದು ಆಕೆಯ ಶರೀರವೊಂದೇ. ಆದುದರಿಂದ ಇಲ್ಲಿ ವೈದ್ಯರು ಶರೀರವನ್ನೇ ಓದಬೇಕಾಗುತ್ತದೆ. ಜೊತೆಜೊತೆಗೇ ಕಥೆಯ ಚೂರುಗಳನ್ನು ಹುಡುಕಬೇಕು: ಊರು ಯಾವುದೆಂದು ಗೊತ್ತಾದರೆ ಅಂಗನವಾಡಿಯ ತೂಕದ ಪುಸ್ತಕ, ಆಶಾ ಕಾರ್ಯಕರ್ತೆಯ ನೆನಪು, ಪ್ರಾಥಮಿಕ ಆರೋಗ್ಯ ಕೇಂದ್ರದ ಚುಚ್ಚುಮದ್ದಿನ ಪಟ್ಟಿ, ತಾಯಿ ಕಾರ್ಡು. ಒಂದು ಹಳೆಯ ತಾಯಿ ಕಾರ್ಡು ಸಿಕ್ಕಿತೆಂದರೆ ಹತ್ತು ಪರೀಕ್ಷೆಗಳ ಶ್ರಮ ಉಳಿಯುತ್ತದೆಯೆಂದು ನಮ್ಮ ಭಾವನೆ. ಆದರೂ ಈ ಹುಡುಕಾಟವನ್ನು ಯಾರ ಹೊಣೆಯೆಂದೂ ಗೊತ್ತುಮಾಡದೆ ಬಿಟ್ಟುಬಿಡುವುದೇ ಹೆಚ್ಚು.

ಅಳತೆಪಟ್ಟಿ ಹೇಳುವ ಸಂಗತಿ

ಮೊದಲ ಪರೀಕ್ಷೆಗೆ ದೊಡ್ಡ ಯಂತ್ರಗಳೇನೂ ಬೇಡ. ತಕ್ಕಡಿ, ಎತ್ತರ ಅಳೆಯುವ ಕೋಲು, ಟೇಪು ಇಷ್ಟಿದ್ದರೆ ಸಾಕು. ಬಾಲಕಿಯ ಎತ್ತರ 108 ಸೆಂಟಿಮೀಟರ್, ತೂಕ 15.5 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಈ ಎರಡು ಅಂಕಿಗಳಿಂದ ಏನು ತಿಳಿಯುತ್ತದೆ?

ಒಂಟಿಯಾಗಿ ಏನೂ ತಿಳಿಯದು. ಅಂಕಿಗೆ ಅರ್ಥ ಬರುವುದು ಹೋಲಿಕೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಎಂಬ ಆರು ದೇಶಗಳಲ್ಲಿ, ಎದೆಹಾಲು ಕುಡಿದು ಒಳ್ಳೆಯ ಪರಿಸರದಲ್ಲಿ ಬೆಳೆದ ಸುಮಾರು 8,500 ಮಕ್ಕಳನ್ನು ಅಳೆಯಿಸಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. 2006ರಲ್ಲಿ ಫಲಿತಾಂಶವು ಪ್ರಕಟವಾದಾಗ ಕಂಡುಬಂದ ಮುಖ್ಯ ಸಂಗತಿಯೆಂದರೆ, ಹೊಟ್ಟೆ ತುಂಬ ಉಂಡು ಆರೋಗ್ಯವಾಗಿದ್ದರೆ ಐದು ವರ್ಷದವರೆಗೆ ಎಲ್ಲ ದೇಶಗಳ ಮಕ್ಕಳೂ ಹೆಚ್ಚುಕಡಮೆ ಒಂದೇ ರೀತಿ ಬೆಳೆಯುತ್ತಾರೆ. "ನಮ್ಮ ಕಡೆಯ ಮಕ್ಕಳು ಗಿಡ್ಡವೇ" ಎಂಬ ಸಮಾಧಾನದ ಮಾತಿಗೆ ಆ ಮೇಲೆ ಆಧಾರ ಉಳಿಯಲಿಲ್ಲ. ಐದು ವರ್ಷಕ್ಕೆ ಮೇಲ್ಪಟ್ಟವರಿಗೆ 2007ರಲ್ಲಿ ಬೇರೆ ಪಟ್ಟಿಗಳು ಬಂದುವು.

ಬಾಲಕಿಗೆ ಏಳು ವರ್ಷವೆಂದು ಸದ್ಯಕ್ಕೆ ತಿಳಿಯೋಣ; ಅದು ಹೇಗೆ ಗೊತ್ತಾಯಿತೆಂಬುದನ್ನು ಮುಂದೆ ಹೇಳುತ್ತೇವೆ. ಏಳು ತುಂಬಿದ ಬಾಲಕಿಯರ ನಡುವಣ ಎತ್ತರ ಸುಮಾರು 121 ಸೆಂಟಿಮೀಟರ್. 110ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತವಾಗಿದೆಯೆಂದು ಲೆಕ್ಕ. ಈಕೆ ಆ ಗೆರೆಯ ಕೆಳಗಿದ್ದಾಳೆ. ಇನ್ನು ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡಬೇಕು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ, ಎಂದರೆ 15.5ನ್ನು 1.08 ಗುಣಿಸು 1.08ರಿಂದ ಭಾಗಿಸಿದರೆ, ಸುಮಾರು 13.3 ಬರುತ್ತದೆ. ಈ ವಯಸ್ಸಿನಲ್ಲಿ ಇದು ಕಡಮೆಯೇ. ಆದರೂ ಅಪಾಯದ ಗೆರೆಯ ಕೆಳಗಿಲ್ಲ. ಎರಡನ್ನೂ ಕೂಡಿಸಿ ಓದಿದರೆ ಒಂದು ಚರಿತ್ರೆ ಕಾಣಿಸುತ್ತದೆ. ಕೆಲವು ವಾರಗಳ ಹಸಿವಿನಿಂದ ಮೈ ಇಳಿಯುತ್ತದೆ, ಎತ್ತರ ಇಳಿಯದು. ಎತ್ತರವು ಹಿಂದೆ ಬೀಳಬೇಕಾದರೆ ವರ್ಷಗಟ್ಟಲೆಯ ಅರೆಹೊಟ್ಟೆ ಬೇಕು, ಅಥವಾ ಮೇಲಿಂದ ಮೇಲೆ ಬಂದ ಭೇದಿ ಜ್ವರಗಳು ಬೇಕು. ಬಾಲಕಿಯು ಬಸ್ ನಿಲ್ದಾಣದಲ್ಲಿ ಎರಡು ದಿನ ಉಪವಾಸವಿದ್ದುದು ದೊಡ್ಡ ಸಂಗತಿಯಲ್ಲ. ಅದಕ್ಕೂ ಹಿಂದಿನ ಮೂರು ನಾಲ್ಕು ವರ್ಷಗಳ ಕಷ್ಟ ಆಕೆಯ ಮೂಳೆಯಲ್ಲಿದೆ.

ಅಳತೆಯಾದ ಮೇಲೆ ಮೈಯನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಗಾಯ, ಸುಟ್ಟ ಗುರುತು, ಬಾಸುಂಡೆಗಳಿದ್ದರೆ ಅವನ್ನು ಶರೀರದ ನಕ್ಷೆಯೊಂದರ ಮೇಲೆ ಇದ್ದ ಸ್ಥಳದಲ್ಲಿಯೇ ಗುರುತು ಮಾಡಬೇಕು. ಆಡುವ ಮಕ್ಕಳಿಗೆ ಪೆಟ್ಟಾಗುವುದು ಮೊಣಕಾಲು, ಮೊಣಕೈ, ಹಣೆಯಂತಹ ಮುಂಚಾಚಿದ ಭಾಗಗಳಿಗೆ. ಬೆನ್ನು, ತೊಡೆಯ ಹಿಂಭಾಗ, ಕಿವಿಯ ಸುತ್ತ ಕಾಣುವ ಗುರುತುಗಳನ್ನು ಸುಮ್ಮನೆ ಬಿಡಲಾಗದು. ಇದನ್ನು ಮೊದಲ ದಿನವೇ ಮಾಡದಿದ್ದರೆ ಗುರುತುಗಳು ಮಾಸಿಹೋಗುತ್ತವೆ. ಹೇನು, ಕಜ್ಜಿಗಳಿಗೆ ಅಂದೇ ಔಷಧ ಕೊಡಬಹುದು. ಆ ನೆಪದಿಂದ ಮಗುವಿನ ತಲೆ ಬೋಳಿಸಿ ಕೂರಿಸುವುದನ್ನು ಮಾತ್ರ ನಾವು ಒಪ್ಪಲಾರೆವು. ಇದ್ದ ಮನೆಯನ್ನು ಕಳೆದುಕೊಂಡ ದಿನವೇ ಕೂದಲನ್ನೂ ಕಳೆದುಕೊಳ್ಳುವುದು ಬೇಡ.

ಬೆರಳಿನಿಂದ ತೆಗೆದ ಒಂದು ಹನಿ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಬಹುದು. ಐದರಿಂದ ಹನ್ನೊಂದು ವರ್ಷದವರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 11.5 ಗ್ರಾಮಿಗಿಂತ ಕಡಮೆಯಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿ ರಕ್ತಹೀನರಾಗಿದ್ದರು. ತಂದೆತಾಯಿಯರ ಮಡಿಲಲ್ಲಿರುವ ಮಕ್ಕಳ ಸ್ಥಿತಿಯೇ ಹೀಗಿರುವಾಗ ಬಾಲಕಿಗೆ ರಕ್ತಹೀನತೆಯಿಲ್ಲದಿದ್ದರೆ ಅದೇ ಆಶ್ಚರ್ಯ. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದುದೊಂದಿದೆ. ಕಬ್ಬಿಣದ ಕೊರತೆಯಿಂದ ಮಗುವು ಸೋತು, ಎಚ್ಚರಗುಂದಿ, ಕೇಳಿದುದಕ್ಕೆ ನಿಧಾನವಾಗಿ ಉತ್ತರಿಸುತ್ತದೆ. ಅದನ್ನು ಬುದ್ಧಿಯ ಮಾಂದ್ಯವೆಂದು ತಿಳಿಯುವುದು ಸುಲಭ. ದೇಹವನ್ನು ಪರೀಕ್ಷಿಸದೆ ಬುದ್ಧಿಯನ್ನು ಅಳೆಯಹೋಗಬಾರದೆಂಬುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಕಿವಿ. ಕಿವಿ ಸೋರುವ ರೋಗವನ್ನು ವರ್ಷಗಟ್ಟಲೆ ಅಲಕ್ಷಿಸಿದರೆ ಶ್ರವಣಶಕ್ತಿ ತಗ್ಗುತ್ತದೆ. ಕರೆದರೆ ತಿರುಗದ ಮಗುವನ್ನು ಮೊಂಡು ಎನ್ನುತ್ತಾರೆ. ಅದಕ್ಕೆ ಕೇಳಿಸಿರುವುದೇ ಇಲ್ಲ. ಕಣ್ಣಿನ ಪರೀಕ್ಷೆಯನ್ನು ಅಕ್ಷರ ಬಾರದವರಿಗೂ ಮಾಡಬಹುದು: 6 ಮೀಟರ್ ದೂರದಲ್ಲಿ ಮೂರು ಕಾಲಿನ ಬಾಚಣಿಗೆಯಂತಿರುವ ಗುರುತನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ತೋರಿಸಿದರೆ, ಮಗುವು ತನ್ನ ಬೆರಳುಗಳನ್ನು ಅದೇ ದಿಕ್ಕಿಗೆ ಹಿಡಿದರಾಯಿತು. ಕಣ್ಣಿನ ಬಿಳಿಯ ಭಾಗದಲ್ಲಿ ನೊರೆಯಂತಹ ಬೂದು ಮಚ್ಚೆ ಕಂಡರೆ ಅದು ಎ ಜೀವಸತ್ವದ ಕೊರತೆಯ ಗುರುತು. ಅದನ್ನು ವಿವರಿಸಿದ ಫ್ರೆಂಚ್ ವೈದ್ಯ ಬಿಟೊ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಕ್ಷಯದ ವಿಷಯದಲ್ಲಿ ಒಂದು ತೊಡಕಿದೆ. ಮುಂಗೈಯ ಚರ್ಮದೊಳಗೆ ಮಾಂಟೂ ಚುಚ್ಚುಮದ್ದು ಕೊಟ್ಟು, 48ರಿಂದ 72 ಗಂಟೆಗಳ ಮೇಲೆ ಅಲ್ಲಿ ಗಟ್ಟಿಯಾದ ಉಬ್ಬು 10 ಮಿಲಿಮೀಟರ್ ಅಥವಾ ಹೆಚ್ಚಿದೆಯೇ ಎಂದು ನೋಡುತ್ತಾರೆ. ಆ ಉಬ್ಬು ಬರುವುದು ಶರೀರದ ರಕ್ಷಣಶಕ್ತಿಯ ಪ್ರತಿಕ್ರಿಯೆಯಿಂದ. ತೀರ ಸೊರಗಿದ ಮಗುವಿಗೆ ಪ್ರತಿಕ್ರಿಯಿಸುವ ಶಕ್ತಿಯೇ ಇಲ್ಲದೆ, ಕ್ಷಯವಿದ್ದರೂ ಉಬ್ಬು ಬಾರದಿರಬಹುದು. ಆದುದರಿಂದ 'ಇಲ್ಲ' ಎಂಬ ಉತ್ತರವನ್ನು ಪೂರ್ತಿ ನಂಬದೆ, ಮಗುವು ಚೇತರಿಸಿಕೊಂಡ ಮೇಲೆ ಮತ್ತೆ ನೋಡುವುದು ಒಳ್ಳೆಯದು. ಎಡತೋಳಿನ ಮೇಲಿರುವ ಬಿ.ಸಿ.ಜಿ. ಕಲೆಯಿಂದ ಆಕೆಗೆ ಶೈಶವದಲ್ಲಿ ಆ ಚುಚ್ಚುಮದ್ದು ದೊರೆತಿತ್ತೆಂದು ತಿಳಿಯುತ್ತದೆ. ಕಲೆಯಿಲ್ಲವೆಂದ ಮಾತ್ರಕ್ಕೆ ದೊರೆತಿಲ್ಲವೆನ್ನಲಾಗದು. ಮಿಕ್ಕ ಚುಚ್ಚುಮದ್ದುಗಳಿಗೆ ಲಿಖಿತ ದಾಖಲೆ ಸಿಗದಿದ್ದರೆ ಹಾಕಿಸಿಲ್ಲವೆಂದೇ ಎಣಿಸಿ, ವಯಸ್ಸಿಗೆ ತಕ್ಕವನ್ನು ಹಾಕಿಸುತ್ತಾರೆ.

ವಯಸ್ಸು ಏಳೆಂದು ತಿಳಿದ ಬಗೆ

ಕಾಯಿದೆಯ 94ನೆಯ ವಿಧಿಯಲ್ಲಿ ವಯಸ್ಸಿನ ನಿರ್ಣಯಕ್ಕೆ ಒಂದು ಕ್ರಮವಿದೆ. ಮೊದಲು ಶಾಲೆಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯತಿಯ ಜನನಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆಯ ಪರೀಕ್ಷೆ. ಹುಟ್ಟಿದ ಕೂಸಿನ ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಒಂದೂ ಎಕ್ಸ್-ಕಿರಣದ ಚಿತ್ರದಲ್ಲಿ ಕಾಣದು, ಏಕೆಂದರೆ ಆಗ ಅವೆಲ್ಲ ಮೃದ್ವಸ್ಥಿ. ವರ್ಷಗಳು ಕಳೆದಂತೆ ಒಂದೊಂದೇ ಗಟ್ಟಿಯಾಗಿ ಚಿತ್ರದಲ್ಲಿ ಮೂಡುತ್ತವೆ. ಆದರೆ ಹಸಿದ ಮಗುವಿನ ಮೂಳೆ ತಡವಾಗಿ ಬಲಿಯುತ್ತದೆ. ಅದನ್ನೇ ನಂಬಿದರೆ ಏಳು ವರ್ಷದವಳನ್ನು ಐದು ವರ್ಷದವಳೆಂದು ಬರೆದುಬಿಡಬಹುದು.

ಹಸಿವಿಗೆ ಅಷ್ಟಾಗಿ ಬಗ್ಗದೆ ತನ್ನ ಕಾಲಕ್ಕೆ ಬರುವುದು ಹಲ್ಲು. ಬಾಯಿಯ ಹಿಂಭಾಗದಲ್ಲಿ ಮೊದಲ ಶಾಶ್ವತ ದವಡೆಹಲ್ಲುಗಳು ಮೂಡುವುದು ಸುಮಾರು ಆರನೆಯ ವರ್ಷದಲ್ಲಿ, ಕೆಳಗಿನ ನಡುವಣ ಬಾಚಿಹಲ್ಲುಗಳು ಆರು–ಏಳರಲ್ಲಿ, ಮೇಲಿನವು ಏಳು–ಎಂಟರಲ್ಲಿ. ಬಾಲಕಿಗೆ ನಾಲ್ಕು ದವಡೆಹಲ್ಲುಗಳೂ ಬಂದಿವೆ, ಮೇಲಿನ ಬಾಚಿಹಲ್ಲು ಈಗ ತಾನೆ ಅರ್ಧ ಮೂಡಿದೆ. ಹೀಗೆ ಏಳರ ಆಸುಪಾಸು ಎಂದು ತಿಳಿಯಿತು. ಈ ಮೇಲಿನ ಬಾಚಿಹಲ್ಲಿನ ಕವಚವು ರೂಪುಗೊಳ್ಳುವುದು ಹುಟ್ಟಿದ ಮೂರು ನಾಲ್ಕು ತಿಂಗಳಿಂದ ಸುಮಾರು ನಾಲ್ಕೈದು ವರ್ಷದವರೆಗೆ. ಆ ಹಲ್ಲಿನಲ್ಲಿ ಫ್ಲೋರೈಡಿನ ಮಚ್ಚೆಯಿದ್ದರೆ, ಆಕೆ ಶೈಶವದಲ್ಲಿ ಅಂತಹ ನೀರಿನ ಸೀಮೆಯಲ್ಲಿಯೇ ಇದ್ದವಳು, ಎಲ್ಲಿಂದಲೋ ಮೊನ್ನೆ ಬಸ್ಸಿನಲ್ಲಿ ಬಂದಿಳಿದವಳಲ್ಲ ಎಂದು ಊಹಿಸಲು ಅವಕಾಶವಾಗುತ್ತದೆ. ಊರಿನ ಹೆಸರನ್ನು ಹಲ್ಲು ಹೇಳಲಾರದು. ಕೋಲಾರದಂತಹ ನೀರು ಗಡಿಯಾಚೆ ಆಂಧ್ರದಲ್ಲಿಯೂ ಇದೆ. ಆದರೂ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಒಂದು ಸುಳಿವು ಸಿಕ್ಕಂತಾಯಿತು. "ಹಲ್ಲಿನ ಶುಚಿತ್ವವಿಲ್ಲ" ಎಂದು ಬರೆದವನಿಗೆ ಈ ಸುಳಿವು ಸಿಗುತ್ತಿರಲಿಲ್ಲ.

ಬುದ್ಧಿಯನ್ನು ಅಳೆಯುವಾಗ

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಅದರ ಮೂಡಣಕ್ಕೆ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆ. ತಮಿಳು ಸೀಮೆಯೂ ದೂರವಿಲ್ಲ. ಇಲ್ಲಿಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಉರ್ದು, ತಮಿಳು ಆಡುವವರೂ ಇದ್ದಾರೆ. ಪರೀಕ್ಷಕನು ಬೆಕ್ಕಿನ ಚಿತ್ರವನ್ನು ತೋರಿಸಿ "ಇದೇನು?" ಎಂದು ಕನ್ನಡದಲ್ಲಿ ಕೇಳುತ್ತಾನೆ. ತೆಲುಗಿನ ಮಗು "ಪಿಲ್ಲಿ" ಎನ್ನುತ್ತದೆ, ಉರ್ದುವಿನದು "ಬಿಲ್ಲಿ", ತಮಿಳಿನದು "ಪೂನೈ". ಮೂರೂ ಸರಿಯಾದ ಉತ್ತರಗಳೇ. ಆದರೆ ಕಾಗದದಲ್ಲಿ ಅಚ್ಚಾಗಿರುವ ಉತ್ತರ "ಬೆಕ್ಕು". ಹೆದರಿದ ಮಗುವಾದರೆ ಪ್ರಶ್ನೆಯ ಭಾಷೆಯೇ ತನ್ನದಲ್ಲವೆಂದು ಬಾಯಿಯನ್ನೇ ತೆರೆಯದು. ನಮ್ಮ ಬಾಲಕಿಗೆ "ಮಾತು ಬಾರದು" ಎಂದು ಬರೆದುದು ಹೀಗೆ.

ಬುದ್ಧಿಪರೀಕ್ಷೆಗಳ ಚರಿತ್ರೆಯಲ್ಲಿ ಇದು ಹಳೆಯ ತೊಡಕು. ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಎಂಬವರು 1905ರಲ್ಲಿ ಮೊದಲ ಪ್ರಶ್ನಾವಳಿಯನ್ನು ರಚಿಸಿದುದು ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗೆ ನೆರವು ಕೊಡುವ ಉದ್ದೇಶದಿಂದ. ಪ್ಯಾರಿಸಿನ ಮಗುವಿಗೆ ಹಾಕಿದ ಪ್ರಶ್ನೆ ಧಾರವಾಡದ ಮಗುವಿಗೆ ಸಲ್ಲದೆಂದು ಕಂಡುಕೊಂಡ ವಿ. ವಿ. ಕಾಮತರು, ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪ್ರಯೋಗ ಮಾಡಿ, ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅದನ್ನು ಮಾರ್ಪಡಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ದೇಶದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಕನ್ನಡ ನಾಡಿನಲ್ಲಿ ನಡೆದ ಈ ಕೆಲಸ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ!

ಮಾತಿನ ಹಂಗಿಲ್ಲದ ಪರೀಕ್ಷೆಗಳೂ ಇವೆ. ಹತ್ತು ಆಕಾರಗಳ ಮರದ ಬಿಲ್ಲೆಗಳನ್ನು ಹಲಗೆಯ ತಕ್ಕ ಗುಳಿಗಳಲ್ಲಿ ಕೂರಿಸುವ ಸೆಗುವಾನ್ ಹಲಗೆ ಅವುಗಳಲ್ಲೊಂದು. ಜೊತೆಗೆ, ಆ ವಯಸ್ಸಿನ ಮಕ್ಕಳು ದಿನನಿತ್ಯ ಮಾಡುವ ಕೆಲಸಗಳಲ್ಲಿ ಈಕೆ ಏನೇನು ಮಾಡಬಲ್ಲಳೆಂದು ನೋಡಬೇಕು: ಗುಂಡಿ ಹಾಕಿಕೊಳ್ಳುವುದು, ತಾನೇ ಸ್ನಾನ ಮಾಡುವುದು, ಚಿಕ್ಕ ಲೆಕ್ಕ ಮಾಡಿ ಅಂಗಡಿಯಿಂದ ಸಾಮಾನು ತರುವುದು. ಕೋಲಾರದ ಸೀಮೆಯಲ್ಲಿ ರೇಷ್ಮೆ ಬೆಳೆಯುವ ಮನೆಯ ಮಗುವು ಹಣ್ಣಾದ ಹುಳುವನ್ನು ಗುರುತಿಸಿ ಚಂದ್ರಿಕೆಗೆ ಬಿಡಬಲ್ಲದು. ಪ್ರಶ್ನಾವಳಿಯಲ್ಲಿ ಅದಕ್ಕೆ ಅಂಕವಿಲ್ಲ. ಆದರೆ ಗಮನಿಸುವ, ವಿಂಗಡಿಸುವ, ನೆನಪಿಡುವ ಶಕ್ತಿಗಳು ಅದರಲ್ಲಿ ಕಾಣುವುದಿಲ್ಲವೆ?

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು. ಪರೀಕ್ಷೆಯನ್ನು ಮಗುವಿನ ಭಾಷೆಯಲ್ಲಿಯೇ, ದೋಷವಿಲ್ಲದೆ ಮಾಡಿದೆವೆನ್ನಿ. ಅಂಕ ಕಡಮೆಯೇ ಬಂದಿತು. ಅದು ಮಗುವಿನ ಮುಂದಿನ ಭವಿಷ್ಯವನ್ನು ಹೇಳುತ್ತದೆಯೇ?

1930ರ ದಶಕದಲ್ಲಿ ಅಮೆರಿಕದ ಅಯೋವ ಸಂಸ್ಥಾನದಲ್ಲಿ ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಅನಾಥಾಲಯದ ಇಬ್ಬರು ಹೆಣ್ಣು ಕೂಸುಗಳನ್ನು ಪರೀಕ್ಷಿಸಿದರು. ಒಂದು ವರ್ಷ ದಾಟಿದ್ದರೂ ಅವು ಆರೇಳು ತಿಂಗಳ ಕೂಸುಗಳಂತಿದ್ದುವು. ಇವು ಸುಧಾರಿಸುವುದಿಲ್ಲವೆಂದು ಎಣಿಸಿ, ಬುದ್ಧಿ ಬೆಳೆಯದ ಸ್ತ್ರೀಯರಿಗಾಗಿದ್ದ ಒಂದು ನಿಲಯಕ್ಕೆ ಅವನ್ನು ಕಳುಹಿಸಲಾಯಿತು. ಕೆಲವು ತಿಂಗಳ ಮೇಲೆ ಅಲ್ಲಿಗೆ ಹೋದ ಸ್ಕೀಲ್ಸರು ಆ ಕೂಸುಗಳನ್ನು ಗುರುತಿಸಲಾರದೆ ಹೋದರು. ಅವು ನಗುತ್ತ, ಓಡಾಡುತ್ತ, ಎಲ್ಲರೊಡನೆ ಆಡುತ್ತಿದ್ದುವು. ನಿಲಯದ ಸ್ತ್ರೀಯರೂ ದಾದಿಯರೂ ಅವನ್ನು ಎತ್ತಿ ಆಡಿಸಿ, ಮಾತನಾಡಿಸಿ, ತಮ್ಮ ಕೂಸುಗಳಂತೆ ನೋಡಿಕೊಂಡಿದ್ದರು. ಅನಾಥಾಲಯದಲ್ಲಿ ಹಾಲೂ ಬಟ್ಟೆಯೂ ಇದ್ದುವು. ಮಗುವನ್ನು ತನ್ನದೆಂದು ಎತ್ತಿಕೊಳ್ಳುವವರು ಇರಲಿಲ್ಲ. ಆಮೇಲೆ ಒಟ್ಟು 13 ಮಕ್ಕಳನ್ನು ಹಾಗೆ ಕಳುಹಿಸಿ ನೋಡಿದಾಗ, ಅವರ ಸರಾಸರಿ ಬುದ್ಧಿಲಬ್ಧವು 64ರಿಂದ 92ಕ್ಕೆ ಏರಿತು. ಅನಾಥಾಲಯದಲ್ಲಿಯೇ ಉಳಿದ, ಮೊದಲು ಇವರಿಗಿಂತ ಚುರುಕಾಗಿದ್ದ 12 ಮಕ್ಕಳ ಬುದ್ಧಿಲಬ್ಧವು ಅದೇ ಅವಧಿಯಲ್ಲಿ ಸುಮಾರು 26 ಅಂಕ ಇಳಿಯಿತು. 1939ರಲ್ಲಿ ಇದು ಪ್ರಕಟವಾದಾಗ ಬಹಳ ಮಂದಿ ನಂಬಲಿಲ್ಲ. 1966ರಲ್ಲಿ ಸ್ಕೀಲ್ಸರು ಆ ಮಕ್ಕಳನ್ನು ಮತ್ತೆ ಹುಡುಕಿ ಪ್ರಕಟಿಸಿದ ವರದಿಯಂತೆ, ಮೊದಲ ಗುಂಪಿನ 13 ಮಂದಿಯೂ ಸ್ವಂತ ಕಾಲಿನ ಮೇಲೆ ನಿಂತಿದ್ದರು.

ಇಲ್ಲಿ ಆಕ್ಷೇಪಕ್ಕೆ ಎಡೆಯಿದೆ. ಮಕ್ಕಳ ಸಂಖ್ಯೆ ಬಹಳ ಚಿಕ್ಕದು. ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಣಯಿಸಿರಲಿಲ್ಲ. ಆ ಕೊರತೆಯನ್ನು ತುಂಬಿದುದು ರುಮೇನಿಯ ದೇಶದ ಬುಖಾರೆಸ್ಟ್ ನಗರದಲ್ಲಿ 2000ದಲ್ಲಿ ಆರಂಭವಾದ ಅಧ್ಯಯನ. ಅಲ್ಲಿಯ ಶಿಶುನಿಲಯಗಳಲ್ಲಿದ್ದ ಆರರಿಂದ 31 ತಿಂಗಳ 136 ಮಕ್ಕಳನ್ನು ಚೀಟಿಯ ಕ್ರಮದಿಂದ ಎರಡು ಗುಂಪು ಮಾಡಿ, 68 ಮಕ್ಕಳನ್ನು ಪೋಷಕರ ಮನೆಗಳಿಗೆ ಕಳುಹಿಸಿದರು. ಉಳಿದವರಿಗೆ ಹಿಂದಿನ ವ್ಯವಸ್ಥೆಯೇ ಮುಂದುವರಿಯಿತು. ಅವರಿಗೆ ಮನೆ ದೊರೆತಾಗ ಹೋಗದಂತೆ ತಡೆಯಲಿಲ್ಲ. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಾಲ್ಕೂವರೆ ವರ್ಷದ ಹೊತ್ತಿಗೆ ನಿಲಯದ ಗುಂಪಿನ ಸರಾಸರಿ ಬುದ್ಧಿಲಬ್ಧ ಸುಮಾರು 73, ಪೋಷಕರ ಮನೆಯ ಗುಂಪಿನದು ಸುಮಾರು 81. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಲಾಭ ಇನ್ನೂ ಹೆಚ್ಚು. ಹೆತ್ತವರ ಮನೆಯಲ್ಲಿಯೇ ಬೆಳೆದ ಅದೇ ನಗರದ ಮಕ್ಕಳ ಅಂಕ ಇವೆರಡಕ್ಕಿಂತಲೂ ಬಹಳ ಮೇಲಿತ್ತೆಂಬುದನ್ನೂ ಹೇಳಬೇಕು. ಮನೆ ಸಿಕ್ಕಿದರೆ ಎಲ್ಲವೂ ಸರಿಹೋಗುತ್ತದೆಂದಲ್ಲ.

ನಮ್ಮ ಬಾಲಕಿಗೆ ಏಳು ವರ್ಷ. ಆ ಕೂಸುಗಳಷ್ಟು ವೇಗವಾಗಿ ಆಕೆ ಬದಲಾಗುವಳೆಂದು ಹೇಳಲಾಗದು. ಆದರೆ ಬಾಲಮಂದಿರಕ್ಕೆ ಬಂದ ವಾರದಲ್ಲಿ ಸಿಕ್ಕ ಅಂಕಿಯು ಆ ವಾರದ ಆಕೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ ಎಂಬುದು ಆಕೆಗೂ ಅನ್ವಯಿಸುತ್ತದೆ. ಅಂದು ಆಕೆ ಭಯಪಟ್ಟಿದ್ದಾಳೆ, ರಾತ್ರಿ ನಿದ್ರೆಯಿಲ್ಲ, ಹಾಸಿಗೆ ಒದ್ದೆ ಮಾಡಿಕೊಳ್ಳಬಹುದು, ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡಬಹುದು. ನಾಳೆ ಊಟ ಸಿಗುವುದೆಂಬ ನಂಬಿಕೆಯಿಲ್ಲದವಳು ಇಂದಿನ ರೊಟ್ಟಿಯನ್ನು ಉಳಿಸಿದರೆ ಅದು ಕಳ್ಳತನವೂ ಅಲ್ಲ, ರೋಗವೂ ಅಲ್ಲ. ವಾರಗಟ್ಟಲೆ ಕಾದ ಮೇಲೂ ಮಾತು, ನಿದ್ರೆ, ಆಟ ಹಿಂದಿರುಗದಿದ್ದರೆ ಆಗ ಮಾನಸಿಕ ತಜ್ಞರು ನೋಡಬೇಕು. ಕೋಲಾರದವರಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಿಲ್ಲ.

ಎರಡನೆಯ ಅಳತೆ

ಅಮೆರಿಕದ ಮಕ್ಕಳ ವೈದ್ಯರ ಸಂಘವು ಇಂತಹ ಮಕ್ಕಳಿಗೆ ಒಂದು ಕಾಲಕ್ರಮವನ್ನು ಸೂಚಿಸಿದೆ. 72 ಗಂಟೆಗಳೊಳಗೆ ತುರ್ತಿನ ಪರೀಕ್ಷೆ. 30 ದಿನಗಳೊಳಗೆ ದೇಹ, ಮನಸ್ಸು, ಬೆಳವಣಿಗೆಗಳ ಪೂರ್ಣ ಪರೀಕ್ಷೆ. 60ರಿಂದ 90 ದಿನಗಳಲ್ಲಿ ಮತ್ತೊಂದು. ಮೂರಕ್ಕೂ ಬೇರೆ ಬೇರೆ ಉದ್ದೇಶ. ಗಾಯ, ಜ್ವರ, ಅಂಟುರೋಗ ಕಾಯಲಾರವು. ಬುದ್ಧಿಯ ಮಾತು ಕಾಯಬಲ್ಲದು, ಕಾಯಲೇಬೇಕು. ನಮ್ಮಲ್ಲಿ ಮೊದಲನೆಯದಕ್ಕೆ ನಿಯಮವಿದೆ. ಎರಡನೆಯದಕ್ಕೆ ಬೇಕಾದ ಸಲಕರಣೆಯೂ ಇಲ್ಲವೆನ್ನುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ವೈದ್ಯತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಹೋಗಿ, ಹುಟ್ಟುದೋಷ, ಕೊರತೆ, ರೋಗ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಬಗೆಗಳನ್ನು ಹುಡುಕುತ್ತವೆ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಕೇಂದ್ರಗಳ ಏರ್ಪಾಡಿದೆ. ಮನೆ ಬದಲಾಯಿಸುವ ಮಗುವು ಒಂದು ಶಾಲೆಯ ತಂಡ ಬರುವ ಮೊದಲೇ ಇನ್ನೊಂದು ಶಾಲೆಗೆ ಹೋಗಿರುತ್ತದೆ, ತೊಡಕಿರುವುದು ಅಲ್ಲಿ.

ಬೆಳವಣಿಗೆಯ ವಿಷಯದಲ್ಲಿ ಎರಡನೆಯ ಅಳತೆಯೇ ಹೆಚ್ಚು ಹೇಳುವುದು. ರೋಗವೋ ಹಸಿವೋ ನೀಗಿದ ಮೇಲೆ ಮಗುವು ತನ್ನ ವಯಸ್ಸಿನವರಿಗಿಂತ ವೇಗವಾಗಿ ಬೆಳೆದು, ಕಳೆದುಕೊಂಡುದನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಳ್ಳುವುದನ್ನು ಪ್ರಾಡರ್, ಟ್ಯಾನರ್ ಮತ್ತು ಅವರ ಸಂಗಡಿಗರು 1963ರಲ್ಲಿ ವಿವರಿಸಿದರು. ಏಳು ವರ್ಷದ ಮಗುವು ಆರು ತಿಂಗಳಲ್ಲಿ ಸುಮಾರು 3 ಸೆಂಟಿಮೀಟರ್ ಬೆಳೆಯುವುದು ವಾಡಿಕೆ. ಪೋಷಕರ ಮನೆಯಲ್ಲಿ ಆರು ತಿಂಗಳಿದ್ದ ಬಾಲಕಿಯು 108ರಿಂದ 112ಕ್ಕೆ ಬಂದಿದ್ದರೆ ಊಟವೂ ಮನೆಯೂ ಒಗ್ಗಿವೆಯೆಂದು ತಿಳಿಯಬೇಕು. 109ರಲ್ಲಿಯೇ ನಿಂತಿದ್ದರೆ ಎಲ್ಲಿಯೋ ಕೊರತೆಯಿದೆ. ಹೊಟ್ಟೆಹುಳುವೇ, ಕ್ಷಯವೇ, ಥೈರಾಯ್ಡ್ ಗ್ರಂಥಿಯ ದೋಷವೇ, ಆ ಮನೆಯಲ್ಲಿ ಮಗುವಿಗೆ ಸುಖವಿಲ್ಲವೇ ಎಂದು ಮತ್ತೆ ವಿಚಾರಿಸಬೇಕು. ಮೊದಲ ದಿನ ಎತ್ತರವನ್ನು ಬರೆದಿಡದಿದ್ದರೆ ಈ ಪ್ರಶ್ನೆಯನ್ನು ಕೇಳುವುದೇ ಸಾಧ್ಯವಾಗದು.

ಪೋಷಕ ಕುಟುಂಬಕ್ಕೆ ಮಗುವಿನ ಖರ್ಚಿಗಾಗಿ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಹಣದೊಡನೆ ಪರೀಕ್ಷೆಯ ಕಾಗದದ ಪ್ರತಿಯೂ ಅವರ ಕೈ ಸೇರಬೇಕು. ಅವರು ಓದಬಲ್ಲ ಭಾಷೆಯಲ್ಲಿಯೇ ಇರಬೇಕು. ಯಾವ ಮಾತ್ರೆ ಎಷ್ಟು ದಿನ, ಮುಂದಿನ ಚುಚ್ಚುಮದ್ದು ಎಂದು, ಯಾವ ಕಿವಿ ಮಂದ, ಮಗುವು ಮನೆಯಲ್ಲಿ ಆಡುತ್ತಿದ್ದ ಮಾತು ಯಾವುದು ಎಂಬಿವು ಅದರಲ್ಲಿದ್ದರೆ ಸಾಕು. ಎಚ್.ಐ.ವಿ.ಯಂತಹ ಗುಟ್ಟಿನ ಸಂಗತಿಗಳು ನೋಡಿಕೊಳ್ಳುವವರಿಗೆ ಹೊರತು ಶಾಲೆಗೂ ನೆರೆಹೊರೆಗೂ ತಿಳಿಯಕೂಡದು.

ಮುಳಬಾಗಿಲಿನ ಕಡೆಯ ಮನೆಯಾದರೆ ಇನ್ನೊಂದನ್ನು ಸೇರಿಸಬೇಕಾಗುತ್ತದೆ. ಏಳು ವರ್ಷದ ಬಾಲಕಿಯ ಎರಡನೆಯ ದವಡೆಹಲ್ಲುಗಳ ಕವಚ ಇನ್ನೂ ದವಡೆಯೊಳಗೆ ಪೂರ್ತಿಯಾಗುತ್ತಿರುತ್ತದೆ. ಆಕೆಯ ಮೂಳೆಗಳಂತೂ ಇನ್ನೂ ಹತ್ತು ವರ್ಷ ಬೆಳೆಯತಕ್ಕವು. ಬಾಚಿಹಲ್ಲಿನ ಮಚ್ಚೆಯನ್ನು ಈಗ ಅಳಿಸಲಾಗದು. ಆದರೆ ಆ ಮನೆಯವರು ಯಾವ ನೀರನ್ನು ಕುಡಿಯುತ್ತಾರೆಂದು ವಿಚಾರಿಸಿ, ಕೊಳವೆ ಬಾವಿಯದಾದರೆ ಅದರ ಫ್ಲೋರೈಡನ್ನು ಅಳೆಯಿಸಬೇಕು. ನೀರು ಕೆಟ್ಟದ್ದಾದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವ ನೀರನ್ನು ಕುಡಿಯುವುದಕ್ಕಷ್ಟೇ ಅಲ್ಲದೆ ಅನ್ನ, ಸಾರು, ಮುದ್ದೆಗೂ ಬಳಸಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.